ಬುತ್ತಿಗೇಕೆ ಬಹುಮತ?

ಒಂದು ಶಾಲೆಯ ಪಾಲಕರಲ್ಲಿ ಶೇಕಡ 40ರಷ್ಟು ಮಂದಿ ಬೇಡವೆಂದರೆ ಆ ಶಾಲೆಯಲ್ಲಿ ಯಾವ ಮಗುವಿಗೂ ಮೊಟ್ಟೆ ಬಡಿಸಬೇಕಾಗಿಲ್ಲವೆಂದು ಮಹಾರಾಷ್ಟ್ರ ಸರಕಾರವು 2024ರ ಆರಂಭದಲ್ಲಿ ನಿಯಮ ಮಾಡಿದಾಗ ಅದನ್ನು ಸಂಧಾನವೆಂದು ಮೆಚ್ಚಿದವರೂ ಇದ್ದರು, ಶರಣಾಗತಿಯೆಂದು ಹಳಿದವರೂ ಇದ್ದರು. ಆದರೆ ಆ ಅಂಕಿಯ ಮರೆಯಲ್ಲಿ ಅಡಗಿದ್ದ ತತ್ತ್ವವನ್ನು, ಎಂದರೆ ಒಂದು ಮಗು ಏನನ್ನು ಉಣ್ಣಬಹುದೆಂಬುದನ್ನು ಬೇರೆ ಮಕ್ಕಳ ತಂದೆತಾಯಿಗಳ ತಲೆಯೆಣಿಕೆಯಿಂದ ನಿರ್ಣಯಿಸಬಹುದೆಂಬ ತತ್ತ್ವವನ್ನು, ಪ್ರಶ್ನಿಸಿದವರು ವಿರಳ. ನನ್ನ ಜಗಳವಿರುವುದು ಆ ತತ್ತ್ವದೊಡನೆ.

ಸಂಗತಿಯನ್ನು ಮೊದಲಿನಿಂದ ಹೇಳುವುದು ಯುಕ್ತ. ಶಾಲೆಯ ಊಟದಲ್ಲಿ ಪ್ರೋಟೀನಿನ ಕೊರತೆಯನ್ನು ತುಂಬುವ ಉದ್ದೇಶದಿಂದ ಸರಕಾರವು 2023ರ ನವೆಂಬರಿನಲ್ಲಿ, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯನ್ನೋ ಮೊಟ್ಟೆಯ ಪುಲಾವನ್ನೋ ಕೊಡಬೇಕೆಂದೂ, ಮೊಟ್ಟೆಯನ್ನು ಮುಟ್ಟದ ಮಕ್ಕಳಿಗೆ ಬಾಳೆಹಣ್ಣನ್ನು ಇಲ್ಲವೆ ಆಯಾ ಸೀಮೆಯ ಹಣ್ಣನ್ನು ಕೊಡಬೇಕೆಂದೂ ಆಜ್ಞಾಪಿಸಿತು. ಧಾರ್ಮಿಕ ಸಂಘಟನೆಗಳು ಆಕ್ಷೇಪಿಸಿದವು. ಅನಂತರ ಬಂದುದು ಶೇಕಡ 40ರ ನಿಯಮ; ಅದರೊಡನೆ ಬಂದುದು, ಮೊಟ್ಟೆ ಉಣ್ಣುವ ಮಗುವಿನ ಗುರುತಿನ ಚೀಟಿಗೆ ಕೆಂಪು ಚುಕ್ಕೆಯನ್ನೂ ಉಣ್ಣದ ಮಗುವಿನ ಚೀಟಿಗೆ ಹಸಿರು ಚುಕ್ಕೆಯನ್ನೂ ಇಡಬೇಕೆಂಬ ಸೂಚನೆ. ಇಷ್ಟೆಲ್ಲ ಪರಿಷ್ಕಾರಗಳಾದ ಮೇಲೆ, 2025ರ ಜನವರಿಯಲ್ಲಿ, ಮೊಟ್ಟೆಗೂ ಸಿಹಿ ಪದಾರ್ಥಗಳ ಸಕ್ಕರೆಗೂ ಇನ್ನು ಮೇಲೆ ಬೊಕ್ಕಸದಿಂದ ಪ್ರತ್ಯೇಕ ಹಣವಿಲ್ಲ, ಬೇಕಾದ ಶಾಲೆಗಳು ಊರಿನಲ್ಲಿ ವಂತಿಗೆಯೆತ್ತಿ ಕೊಟ್ಟುಕೊಳ್ಳಲಿ ಎಂದು ಸರಕಾರವು ಕೈತೊಳೆದುಕೊಂಡಿತು. ಎರಡು ಪಕ್ಷಗಳು ವರ್ಷಕ್ಕೂ ಮೀರಿ ಕಾದಾಡಿದ ವಸ್ತುವೇ ಹೀಗೆ ರಣರಂಗದಿಂದ ಮಾಯವಾಯಿತು.

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನವರಿಗೆ ಇದರ ವಿಚಿತ್ರವು ಬೇರೆಯವರಿಗಿಂತ ಹೆಚ್ಚಾಗಿ ಕಾಣತಕ್ಕದ್ದು. ದುಧನಿಯಿಂದಲೋ ಮೈಂದರ್ಗಿಯಿಂದಲೋ ಹೊರಟು ಗಡಿಯನ್ನು ದಾಟಿದರೆ ಕರ್ನಾಟಕದ ಆಳಂದ, ಅಫಜಲಪುರ, ಇಂಡಿ. ಅದೇ ಕರಿಯ ನೆಲ, ಅದೇ ಜೋಳ, ಅದೇ ಕನ್ನಡ. ಆದರೆ ಅಲ್ಲಿಯ ಸರಕಾರಿ ಶಾಲೆಯ ಮಗುವಿಗೆ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಮೂರು ವರ್ಷಗಳಿಗೆಂದು ಕೊಡಲೊಪ್ಪಿದ ಸುಮಾರು 1,500 ಕೋಟಿ ರೂಪಾಯಿಗಳ ಬಲದಿಂದ, 2024ರಿಂದ ವಾರದ ಆರು ದಿನವೂ ಮೊಟ್ಟೆ ಅಥವಾ ಅದಕ್ಕೆ ಪರ್ಯಾಯವಾದ ತಿನಿಸು. ಇಲ್ಲಿಯ ಕನ್ನಡ ಶಾಲೆಯ ಮಗುವಿಗೆ ಊರವರ ವಂತಿಗೆಯ ಆಸೆ. ಕರ್ನಾಟಕದಲ್ಲಿಯೂ ಇದು ಸುಲಭವಾಗಿ ಆದದ್ದಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧಿಪತಿಗಳು ಚಳವಳಿಯ ಎಚ್ಚರಿಕೆ ಕೊಟ್ಟರು. ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಅವರಿಗೆ ಕೊಟ್ಟ ಖಡಕ್ಕಾದ ಉತ್ತರವನ್ನು ನಾಡೆಲ್ಲ ಕೇಳಿತು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ, ಐದು ವರ್ಷದೊಳಗಿನ ಮಕ್ಕಳ ಪ್ರಮಾಣವು ಮಹಾರಾಷ್ಟ್ರದಲ್ಲಿ ಶೇಕಡ 35.2, ಕರ್ನಾಟಕದಲ್ಲಿ ಶೇಕಡ 35.4 ಆಗಿತ್ತು. ಹಸಿವು ಗಡಿಯನ್ನು ಗಣಿಸಲಿಲ್ಲ. ಗಣಿಸಿದ್ದು ಬರಿಯ ಆದೇಶಗಳು.

ಮೊಟ್ಟೆಯ ಪರವಾದ ವಾದಕ್ಕೆ ನನಗೆ ಹೆಚ್ಚು ಹೊತ್ತು ಬೇಡ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ಪ್ರಾಥಮಿಕ ಶಾಲೆಯ ಒಂದು ಊಟದಲ್ಲಿ ಇರಬೇಕೆಂದು ಶಾಲೆಯೂಟದ ಯೋಜನೆಯೇ ವಿಧಿಸಿದ್ದು 12 ಗ್ರಾಂ. ಅರ್ಧ ಅಲ್ಲಿಗೆ ಸಂದಿತು. ಈ ಊಟದ ಕಾಳು, ಕಾಯಿಪಲ್ಯ, ಎಣ್ಣೆ, ಉರುವಲು ಎಲ್ಲಕ್ಕೂ ಸೇರಿ ಪ್ರಾಥಮಿಕ ಶಾಲೆಯ ಮಗುವೊಂದಕ್ಕೆ ದಿನಕ್ಕೆ 2025ರ ಮೇ ತಿಂಗಳಿಂದ ನಿಗದಿಯಾದ ದರವು 6 ರೂಪಾಯಿ 78 ಪೈಸೆ ಎಂಬುದನ್ನು ಬಲ್ಲವರು, ಆ ಹಣದಲ್ಲಿ ಮೊಟ್ಟೆಯ ಮಾತಂತಿರಲಿ, ಬೇಳೆಯು ತಿಳಿಯಾಗದಂತೆ ನೋಡಿಕೊಳ್ಳುವುದೇ ಅಡಿಗೆಯವಳ ಕೈಚಳಕವೆಂದು ಒಪ್ಪುವರು. ಆದರೆ ಈ ವಿವಾದವು ಮುಚ್ಚಿಹಾಕಿದ ಇನ್ನೊಂದು ಮಗುವಿದೆ. ಅದರ ಪರವಾಗಿ ಯಾವ ಸಂಘಟನೆಯೂ ಮನವಿ ಕೊಟ್ಟಿಲ್ಲ.

ಆ ಮಗುವನ್ನು ಕಲ್ಪಿಸಿಕೊಳ್ಳೋಣ. ಅಕ್ಕಲಕೋಟದ ಒಂದು ಲಿಂಗಾಯತ ಮನೆ. ಮೊಟ್ಟೆಮಾಂಸಗಳು ವರ್ಜ್ಯ, ಇದು ಮನೆತನದ ನೇಮ. ಮಗುವಿಗೆ ಸೀಲಿಯಾಕ್ ವ್ಯಾಧಿ, ಎಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶವು ಸಣ್ಣ ಕರುಳಿನ ಒಳಪದರವನ್ನು ಕೆಡಿಸಿ, ಉಂಡದ್ದು ಮೈಗೆ ಹತ್ತದಂತೆ ಮಾಡುವ ರೋಗ. ಆಜೀವ ಪಥ್ಯವೇ ಅದಕ್ಕಿರುವ ಔಷಧ. ಇದರ ಮೇಲೆ ಶೇಂಗಾ ಒಗ್ಗದು. ಒಗ್ಗದೆಂದರೆ ಹೊಟ್ಟೆನೋವಿನ ಮಾತಲ್ಲ, ತುಟಿ ಊದಿ ಉಸಿರು ಕಟ್ಟಿ, ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಬೀಳದಿದ್ದರೆ ಪ್ರಾಣಕ್ಕೆ ಎರವಾಗುವಂಥದು. ಇಂತಹ ಮಕ್ಕಳು ನಮ್ಮಲ್ಲಿ ಬಹಳವಿಲ್ಲ. ಶೇಂಗಾದ ಅಲರ್ಜಿ ಪಾಶ್ಚಾತ್ಯ ದೇಶಗಳಷ್ಟು ನಮ್ಮಲ್ಲಿ ವ್ಯಾಪಕವಾಗಿಲ್ಲ, ಸೀಲಿಯಾಕ್ ವ್ಯಾಧಿ ಗೋಧಿಯುಣ್ಣುವ ಉತ್ತರ ಭಾರತದಲ್ಲಿ ಹೆಚ್ಚು. ಬಹಳವಿಲ್ಲದಿರುವುದೇ ಅವರ ದೌರ್ಭಾಗ್ಯ, ಏಕೆಂದರೆ ಶೇಕಡ 40ರ ಲೆಕ್ಕದಲ್ಲಿ ಅವರು ಎಂದಿಗೂ ಗೆಲ್ಲಲಾರರು.

ಈ ಮಗುವಿಗೆ ಬುತ್ತಿ ಕಟ್ಟುವ ತಾಯಿಯ ಮುಂಜಾವನ್ನು ನಮ್ಮ ಸೀಮೆಯಲ್ಲಿಯೇ ನೋಡಬೇಕು. ಒಂದು ವಿಷಯದಲ್ಲಿ ಆಕೆ ಪುಣ್ಯವಂತೆ: ಜೋಳದಲ್ಲಿ ಗ್ಲುಟೆನ್ ಇಲ್ಲ, ಮತ್ತು 2016ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಮಂಗಳವೇಢೆಯ ಮಾಲದಂಡಿ ಜೋಳವು ಆಕೆಯ ಹಿತ್ತಿಲ ಬೆಳೆಯೆನ್ನಬೇಕು. ಆದರೆ ಜೋಳವನ್ನು ಬೀಸಿಸುವ ಗಿರಣಿಯಲ್ಲಿ ಆಕೆಗಿಂತ ಮುಂಚೆ ಗೋಧಿಯ ಡಬ್ಬಿ ಇಳಿಸಿದವರಿದ್ದರೆ ಅದೇ ಕಲ್ಲಿನ ಸಂದಿಯಲ್ಲಿ ಕುಳಿತ ಗೋಧಿಹಿಟ್ಟು ಆಕೆಯ ಹಿಟ್ಟಿನಲ್ಲಿಯೂ ಬರುವುದು. ಆದ್ದರಿಂದ ಬೇರೆಯವರ ಜೋಳ ಬೀಸಿ ಮುಗಿಯುವವರೆಗೆ ತನ್ನ ಪಾಳಿಯನ್ನು ಬಿಟ್ಟುಕೊಟ್ಟು ನಿಲ್ಲಬೇಕು, ಇಲ್ಲವೆ ಮನೆಯಲ್ಲಿಯೇ ಬೀಸಿಕೊಳ್ಳಬೇಕು. ಒಗ್ಗರಣೆಯ ಇಂಗಿನಲ್ಲಿಯೂ ಗೋಧಿಯಿದೆ. ಅಂಗಡಿಯ ಬಂಧಾನಿ ಇಂಗನ್ನು ಬಹುಮಟ್ಟಿಗೆ ಗೋಧಿಯ ಹಿಟ್ಟಿನಲ್ಲಿಯೇ ಕಲಸಿರುತ್ತಾರೆ. ಇನ್ನು ಶೇಂಗಾ! ಸೊಲ್ಲಾಪುರದ ಹೆಸರನ್ನು ದೂರದೂರಕ್ಕೆ ಒಯ್ದದ್ದೇ ಚಾದರದ ಜೊತೆಗೆ ಶೇಂಗಾ ಚಟ್ನಿ. ಬದನೆಯ ಎಣ್ಣೆಗಾಯಿಗೆ ಶೇಂಗಾ, ಪಲ್ಯದ ಮೇಲೆ ಉದುರಿಸಲು ಶೇಂಗಾದ ಪುಡಿ, ಉಪವಾಸದ ಸಾಬುದಾಣಿ ಖಿಚಡಿಗೆ ಶೇಂಗಾ, ಹಬ್ಬಕ್ಕೆ ಶೇಂಗಾ ಹೋಳಿಗೆ, ಗಾಣದಿಂದ ತಂದ ಎಣ್ಣೆಯೂ ಶೇಂಗಾದ್ದೇ. ನೆರೆಯವರು ಪ್ರೀತಿಯಿಂದ ಕೊಟ್ಟ ಒಂದು ಬಟ್ಟಲು ಪಲ್ಯವನ್ನು ಆಕೆ ಅನುಮಾನದಿಂದ ನೋಡಬೇಕಾಗುವುದು, ಮತ್ತು ನೆರೆಯವರು ಅದನ್ನು ಸೊಕ್ಕೆಂದು ತಿಳಿಯುವುದು, ಈ ಪಥ್ಯದ ಒಂದು ಅಡ್ಡಪರಿಣಾಮ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಪುಠಾಣಿ ಹಿಂಡಿ, ಹೆಸರುಕಾಳಿನ ಉಸಳಿ, ಮೊಸರನ್ನ ಎಂದು ಆಕೆ ವಾರವನ್ನು ಹೇಗೋ ಹೊಂದಿಸುತ್ತಾಳೆ. ಆಕೆ ಸೊಲ್ಲಾಪುರದ ಬೀಡಿ ಕಟ್ಟುವ ಸಾವಿರಾರು ಹೆಂಗಸರಲ್ಲಿ ಒಬ್ಬಳಾದರೆ, ಈ ಪ್ರತ್ಯೇಕ ಅಡಿಗೆಯ ಹೊತ್ತನ್ನು ದಿನದ ಬೀಡಿಯ ಲೆಕ್ಕದಿಂದಲೇ ಕಳೆಯಬೇಕು.

ಇಷ್ಟಾದ ಮೇಲೆ ಬುತ್ತಿ ಶಾಲೆಗೆ ಹೋಗುತ್ತದೆ. ಅಲ್ಲಿ ಮಕ್ಕಳು ಹಂಚಿಕೊಂಡು ಉಣ್ಣುತ್ತಾರೆ. ಶಾಲೆಯಲ್ಲಿ ಕಲಿಯುವ ವಿದ್ಯೆಗಳಲ್ಲೆಲ್ಲ ಉತ್ತಮವಾದುದೇ ಈ ಮಗುವಿನ ಪಾಲಿಗೆ ಅಪಾಯ. ಪೊಟ್ಟಣದ ಆಹಾರದಲ್ಲಿ ಗೋಧಿ, ಹಾಲು, ಮೊಟ್ಟೆ, ಶೇಂಗಾ, ಸೋಯಾ ಮೊದಲಾದವು ಇದ್ದರೆ ಹೊರಗೆ ಬರೆಯತಕ್ಕದ್ದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಹೇಳುತ್ತವೆ. ಪೊಟ್ಟಣಕ್ಕಿರುವ ಈ ವಿಧಿ ಸೌಟಿಗಿಲ್ಲ. ಕರ್ನಾಟಕದಲ್ಲಿ ಕೆಲವು ವರ್ಷ ಮೊಟ್ಟೆಯೊಲ್ಲದ ಮಕ್ಕಳಿಗೆ ಕೊಡುತ್ತಿದ್ದುದು ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ; ಗುಣಮಟ್ಟದ ದೂರುಗಳ ಮೇಲೆ 2025ರಲ್ಲಿ ಚಿಕ್ಕಿಯನ್ನು ನಿಲ್ಲಿಸಿದರು. ನಮ್ಮ ಕಲ್ಪನೆಯ ಮಗುವು ಗಡಿಯ ಆಚೆಗೆ ಹುಟ್ಟಿದ್ದರೆ, ಅದರ ಧರ್ಮವನ್ನು ಗೌರವಿಸಲೆಂದು ಕೈಗಿತ್ತ ಪರ್ಯಾಯವೇ ಅದರ ಪ್ರಾಣಕ್ಕೆ ಬರುತ್ತಿತ್ತು. ಧರ್ಮದ ನೇಮವನ್ನು ಮಾತ್ರ ಕೇಳಿ ದೇಹದ ಪಥ್ಯವನ್ನು ಕೇಳದ ವ್ಯವಸ್ಥೆಯ ಪೂರ್ಣ ಚಿತ್ರವು ಇದೊಂದರಲ್ಲಿದೆ.

ಈಗ ಮೊಟ್ಟೆಯನ್ನು ವಿರೋಧಿಸುವ ಸಜ್ಜನರಿಗೆ ಒಂದು ಮಾತು. ಅವರ ಭಾವನೆಯನ್ನು ನಾನು ಹಗುರವಾಗಿ ಎಣಿಸುವವನಲ್ಲ. ಅವರ ಆಕ್ಷೇಪವನ್ನು ಬಿಡಿಸಿ ನೋಡಿದರೆ ಅದರಲ್ಲಿ ನ್ಯಾಯವಾದ ಭಾಗವೊಂದಿದೆ: ಮೊಟ್ಟೆ ಬೆಂದ ಪಾತ್ರೆಯಲ್ಲಿ ನಮ್ಮ ಮಗುವಿನ ಖಿಚಡಿ ಬೇಯಬಾರದು, ಮೊಟ್ಟೆಯ ಪುಲಾವು ಬಡಿಸಿದ ಸೌಟು ನಮ್ಮ ಮಗುವಿನ ತಟ್ಟೆಗೆ ಬರಬಾರದು, ಬಡಿಸುವವರಿಗೆ ನಮ್ಮ ಮಗು ಯಾರೆಂಬುದು ತಿಳಿದಿರಬೇಕು. ಶೇಂಗಾ ಒಗ್ಗದ ಮಗುವಿನ ತಾಯಿ ಕೇಳುವುದೂ ಇದನ್ನೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ: ಬೇರೆ ಪಾತ್ರೆ, ಬೇರೆ ಸೌಟು, ಬಡಿಸುವವರ ನೆನಪು. ಒಬ್ಬರ ಹಿಂದೆ ಶ್ರದ್ಧೆಯಿದೆ, ಇನ್ನೊಬ್ಬರ ಹಿಂದೆ ವೈದ್ಯರ ಚೀಟಿಯಿದೆ. ಅಡಿಗೆಮನೆಗೆ ಎರಡೂ ಒಂದೇ ಕೆಲಸ. ಹೀಗಿರಲು ಒಬ್ಬಳು ತಾಯಿ ತನ್ನ ಮಗುವಿಗಾಗಿ ಸೌಟನ್ನು ಕೇಳಿ ಸುಮ್ಮನಾಗುವಾಗ, ಇನ್ನೊಂದು ಪಕ್ಷವು ಊರಿನ ಎಲ್ಲ ಮಕ್ಕಳ ತಟ್ಟೆಯಿಂದಲೂ ಪದಾರ್ಥವನ್ನೇ ತೆಗೆಸಹೊರಡುವುದು ಯಾವ ನ್ಯಾಯ? ಅದೇ ನ್ಯಾಯವನ್ನು ಹಿಡಿದು ಆ ತಾಯಿಯೂ ಹೊರಟರೆ ಸೊಲ್ಲಾಪುರದ ಯಾವ ಮಗುವಿನ ಬುತ್ತಿಯಲ್ಲಿಯೂ ಶೇಂಗಾ ಹಿಂಡಿ ಉಳಿಯಲಾರದು. ಆಗ ಪ್ರತಿಭಟನೆಯ ಮೆರವಣಿಗೆಯ ಮುಂದೆ ಯಾರಿರುವರೆಂದು ಊಹಿಸಲು ನನಗೆ ಕಷ್ಟವಿಲ್ಲ.

ಒಂದೇ ಪಂಕ್ತಿಯಲ್ಲಿ ಒಂದೇ ಅನ್ನವೆಂಬುದು ಈ ಯೋಜನೆಯ ಆತ್ಮ, ಭೇದ ಮಾಡಿ ಬಡಿಸಿದರೆ ಜಾತಿ ಮರಳಿ ಬರುವುದು ಎಂದು ಹೇಳುವವರಿದ್ದಾರೆ. ಬಣ್ಣದ ಚುಕ್ಕೆಯನ್ನು ಕುರಿತಾದರೆ ಇದು ಸತ್ಯ. ಆದರೆ ಪಂಕ್ತಿಯ ಮಹತ್ತ್ವವಿರುವುದು ಜೊತೆಗೆ ಕೂಡುವುದರಲ್ಲಿ. ನಮ್ಮ ಮದುವೆಯ ಪಂಕ್ತಿಯನ್ನೇ ನೋಡಿರಿ: ಸೋಮವಾರ ಹಿಡಿದ ಅಜ್ಜಿಗೆ ಅದೇ ಸಾಲಿನಲ್ಲಿ ಫರಾಳ ಬರುತ್ತದೆ, ಸಕ್ಕರೆ ಬೇನೆಯ ಹಿರಿಯರ ಎಲೆಗೆ ಹೋಳಿಗೆ ಬೀಳುವುದಿಲ್ಲ, ಬಡಿಸುವವನು ಪ್ರತಿಯೊಬ್ಬರೆದುರಿಗೂ ಬಾಗಿ ವಿಚಾರಿಸುತ್ತಾನೆ, ಇದರಿಂದ ಪಂಕ್ತಿಭೇದವಾಯಿತೆಂದು ಯಾರೂ ಎದ್ದುಹೋದುದಿಲ್ಲ. ಸಿದ್ಧರಾಮೇಶ್ವರರ ಸೊನ್ನಲಿಗೆಯಾದ ಸೊಲ್ಲಾಪುರದಲ್ಲಿ, ಸ್ವಾಮಿ ಸಮರ್ಥರ ಅನ್ನಛತ್ರದಲ್ಲಿ ದಿನವೂ ಸಾವಿರಾರು ಜನರು ಉಣ್ಣುವ ಅಕ್ಕಲಕೋಟದಲ್ಲಿ, ವಿಚಾರಿಸಿ ಬಡಿಸುವುದೆಂದರೇನೆಂದು ಜನಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ.

ಒಂದೆರಡು ಮಕ್ಕಳಿಗಾಗಿ ಇಷ್ಟು ಗೊಂದಲವೇಕೆ, ಅವು ಮನೆಯ ಬುತ್ತಿಯನ್ನೇ ತರಲಿ ಎಂಬ ಉತ್ತರವೂ ಸಿದ್ಧವಾಗಿದೆ. ಬುತ್ತಿಯೂ ಈಗ ಸ್ವತಂತ್ರವಲ್ಲ. ಮಾಂಸಾಹಾರದ ಬುತ್ತಿಯನ್ನು ಕಳುಹಬೇಡಿರೆಂದು 2024ರಲ್ಲಿ ನೋಯಿಡಾದ ಖಾಸಗಿ ಶಾಲೆಯೊಂದು ಪಾಲಕರಿಗೆ ಬರೆಯಿತು. ಅದೇ ವರ್ಷ ಅಮ್ರೋಹಾದಲ್ಲಿ ಚಿಕ್ಕ ಹುಡುಗನೊಬ್ಬನ ಡಬ್ಬಿ ದೊಡ್ಡ ರಂಪಕ್ಕೆ ಕಾರಣವಾಯಿತು. ಇನ್ನು ಗೊಂದಲದ ಮಾತು: 2012ರ ಡಿಸೆಂಬರಿನಲ್ಲಿ ಟೋಕಿಯೋ ಸಮೀಪದ ಚೋಫು ನಗರದ ಶಾಲೆಯಲ್ಲಿ, ಹಾಲಿನ ಪದಾರ್ಥ ಒಗ್ಗದ ಐದನೆಯ ತರಗತಿಯ ಹುಡುಗಿಗೆ ಮೊದಲು ಚೀಸು ಇಲ್ಲದ ಊಟವನ್ನೇ ಬಡಿಸಿದ್ದರು, ಆಕೆ ಇನ್ನೊಮ್ಮೆ ಬೇಕೆಂದಾಗ ಎಲ್ಲರಿಗಾಗಿ ಮಾಡಿದ್ದ, ಚೀಸು ಬೆರೆತ ತಿನಿಸನ್ನು ಕೊಟ್ಟರು, ಆಕೆ ಉಳಿಯಲಿಲ್ಲ. ಜಪಾನಿನ ಶಿಕ್ಷಣ ಸಚಿವಾಲಯವು ಶಾಲೆಯ ಊಟಕ್ಕೂ ಅಲರ್ಜಿಗೂ ಸಂಬಂಧಿಸಿದ ಮಾರ್ಗಸೂಚಿಯನ್ನು 2015ರಲ್ಲಿ ಹೊರಡಿಸಿತು. ಅಲ್ಲಿ ಒಂದು ಮಗುವಿನ ಸಾವು ಇಡೀ ದೇಶದ ಅಡಿಗೆಮನೆಯ ಕ್ರಮವನ್ನು ತಿದ್ದಿತು. ಶೇಕಡಾವಾರಿಯನ್ನು ಯಾರೂ ಕೇಳಲಿಲ್ಲ.

ನಮ್ಮ ಶಾಲೆಯ ದಾಖಲೆ ಪುಸ್ತಕದಲ್ಲಿ ಮಗುವಿನ ಧರ್ಮಕ್ಕೆ ಸ್ಥಳವಿದೆ, ಜಾತಿಗೆ ಸ್ಥಳವಿದೆ, ಉಪಜಾತಿಗೂ ಇದೆ. ಈ ಮಗುವಿಗೆ ಏನು ಒಗ್ಗದು, ಏನು ವರ್ಜ್ಯ ಎಂದು ಬರೆಯಲು ಒಂದು ಸಾಲನ್ನು ಸೇರಿಸಲು ಶಾಸನಸಭೆ ನೆರೆಯಬೇಕಾಗಿಲ್ಲ. ಆ ಸಾಲಿನ ಪ್ರತಿಯೊಂದು ಅಡಿಗೆಮನೆಯ ಒಳಗೋಡೆಯ ಮೇಲಿರಲಿ. ಮಗುವಿನ ಕೊರಳಲ್ಲಿ ಬೇಡ. ಊಟದ ವಿಚಾರವಾಗಿ ಮರಾಠಿಯಲ್ಲಿ ಬರುವ ಆದೇಶಗಳನ್ನು, ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಪಾಲಕರಿಗೂ ಅಡಿಗೆಯವರಿಗೂ ಜಿಲ್ಲಾ ಪರಿಷತ್ತು ಕನ್ನಡದಲ್ಲಿಯೂ ಕೊಡಲಿ. ಓದಲು ಬಾರದ ನಿಯಮವನ್ನು ಯಾವ ಸೌಟೂ ಪಾಲಿಸಲಾರದು. ಮೊಟ್ಟೆಯ ಹಣವನ್ನು ಸರಕಾರವು ಮರಳಿ ಕೊಡಲಿ, ಶೇಕಡ 40ರ ನಿಯಮವನ್ನು ರದ್ದುಮಾಡಲಿ. ಅಲ್ಲಿಯವರೆಗೆ, ಮುಂದಿನ ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಗೆ ಹೋಗುವ ಪಾಲಕರೇ, ಮೊಟ್ಟೆ ಬೇಕೋ ಬೇಡವೋ ಎಂದು ಕೈಯೆತ್ತಿಸಲು ಬಂದರೆ ಕೈಯೆತ್ತಬೇಡಿರಿ. ಬದಲಾಗಿ ಎರಡನೆಯ ಪಾತ್ರೆಯನ್ನೂ ಎರಡನೆಯ ಸೌಟನ್ನೂ ಕೊಳ್ಳಬೇಕೆಂಬ ಠರಾವನ್ನು ಮಂಡಿಸಿರಿ.