ಮದಗದ ನೀರೂ ಅದರ ಹುಳಗಳೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ತಗ್ಗುಬೈಲುಗಳಲ್ಲಿ ವಾರಾಹಿ, ಸೌಪರ್ಣಿಕಾ, ಸೀತಾ ಹೊಳೆಗಳ ನೆರೆಯು ಪ್ರತಿ ಮಳೆಗಾಲವೂ ಏರಿ, ಇಳಿಯುವಾಗ ಕೆರೆಮದಗಗಳನ್ನು ತುಂಬಿಸಿಹೋಗುವುದು. ಸುಗ್ಗಿ ಬೆಳೆಗೂ ದನಕರುಗಳಿಗೂ ನೆರೆಯ ಬಾವಿಗಳ ಒರತೆಗೂ ಈ ನೀರೇ ಆಸರೆ. ಆದರೂ ಮದಗದ ಹೂಳನ್ನು ಕುರಿತು ವಿಚಾರಿಸುವವರು ಅನೇಕರು. ನೀರಿನ ಗುಣವನ್ನು ವಿಚಾರಿಸುವವರು ವಿರಳ.

ಸೀಸೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಕಳುಹಿಸಿದ ನೀರು ಆ ದಿನದ ಸ್ಥಿತಿಯನ್ನು ಮಾತ್ರ ತಿಳಿಸುವುದು. ಕೆಸರಿನಲ್ಲಿ ವಾರ ತಿಂಗಳುಗಟ್ಟಲೆ ಬಾಳುವ ಹುಳಗಳಾದರೋ ಕಳೆದ ದಿನಗಳಿಗೂ ಸಾಕ್ಷಿಗಳು. ಜರ್ಮನಿಯ ಕೋಲ್ಕ್‌ವಿಟ್ಸ್, ಮಾರ್ಸನ್ ಎಂಬ ವಿದ್ವಾಂಸರು 1909ರಲ್ಲಿಯೇ ಯಾವ ಜಲಪ್ರಾಣಿಯು ಎಷ್ಟು ಕೊಳೆಯನ್ನು ಸಹಿಸುವುದೆಂಬುದನ್ನು ವಿಂಗಡಿಸಿದರು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇಂತಹ ಪ್ರಾಣಿಗಳ ಆಧಾರದಿಂದ ನೀರನ್ನು ಐದು ದರ್ಜೆಗಳಾಗಿ ಗಣಿಸುವ ಕ್ರಮವನ್ನು ರೂಪಿಸಿದೆ.

ಕಾರಣವು ಸರಳವಾದುದು. ಮೇಫ್ಲೈ ಎಂಬ ಕೀಟದ ಮರಿಯು ಕಿವಿರುಗಳಿಂದ ಉಸಿರಾಡುವುದರಿಂದ ನೀರಿನಲ್ಲಿ ಕರಗಿದ ಪ್ರಾಣವಾಯು ಅದಕ್ಕೆ ಸಾಕಷ್ಟು ಬೇಕು. ಚರಂಡಿಯ ನೀರು, ಹಟ್ಟಿಯ ತೊಳೆನೀರು, ಕೊಳೆಹಾಕಿದ ತೆಂಗಿನ ಸಿಪ್ಪೆ ಇವುಗಳಿಂದ ಪ್ರಾಣವಾಯು ಕುಗ್ಗಿದೊಡನೆ ಅದು ಮರೆಯಾಗುವುದು. ಕೆಸರಿನ ಕೆಂಪು ಹುಳವಾದರೋ ರಕ್ತದಲ್ಲಿ ಹೀಮೋಗ್ಲೋಬಿನ್ ಇರುವುದರಿಂದ ಅಲ್ಪ ಪ್ರಾಣವಾಯುವಿನಲ್ಲಿಯೂ ಬದುಕಬಲ್ಲದು. ಬಸವನಹುಳವಿದ್ದು ಕೀಟಗಳೆಲ್ಲ ಒಮ್ಮೆಲೆ ಇಲ್ಲವಾದರೆ ಗದ್ದೆಗೆ ಸಿಂಪಡಿಸಿದ ಕೀಟನಾಶಕವನ್ನು ಶಂಕಿಸಬೇಕು. ಸೊಳ್ಳೆಮರಿಯು ಮೇಲಕ್ಕೆ ಬಂದು ಗಾಳಿಯನ್ನು ಸೇವಿಸುವುದರಿಂದ ಅದರ ಸಾಕ್ಷ್ಯವನ್ನು ನಂಬಲಾಗದು.

ಕೆಲವು ಎಚ್ಚರಿಕೆಗಳು ಅವಶ್ಯ. ಹರಿಯುವ ಹೊಳೆಯ ಅಳತೆಯಿಂದ ನಿಂತ ಮದಗವನ್ನು ತೂಗಬಾರದು. ಉಪ್ಪುನೀರು ನುಗ್ಗುವೆಡೆಗಳಲ್ಲಿ ಹುಳಗಳು ಕಡಮೆಯಾಗಲು ಉಪ್ಪೇ ಕಾರಣವಿರಬಹುದು. ನೆರೆ ಇಳಿದೊಡನೆ ನೋಡದೆ ಒಂದು ತಿಂಗಳು ತಡೆಯಬೇಕು. ಕುಡಿಯುವ ನೀರಿನ ರೋಗಾಣುಗಳನ್ನು ಹುಳಗಳು ತಿಳಿಸಲಾರವಾದುದರಿಂದ ಅದಕ್ಕೆ ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು.

ಮದಗದ ಹೂಳೆತ್ತುವುದಕ್ಕೆ ಹಣ ಕೂಡಿಸುವ ಮೊದಲು ಗ್ರಾಮದ ಮುಖ್ಯಸ್ಥರೂ ಭೂಮಾಲಿಕರೂ ಈ ಸಾಕ್ಷಿಗಳನ್ನು ವಿಚಾರಿಸುವುದು ಯುಕ್ತ. ಸಣ್ಣ ಕಣ್ಣಿನ ಬಲೆ, ಬಿಳಿಯ ತಟ್ಟೆ, ಒಂದು ಪುಸ್ತಕ ಇಷ್ಟೇ ಸಲಕರಣೆ. ಕಾರ್ತಿಕದಲ್ಲೊಮ್ಮೆ, ಮಾಘದಲ್ಲೊಮ್ಮೆ, ಅದೇ ಮೂರು ನಾಲ್ಕು ಸ್ಥಳಗಳಲ್ಲಿ ಬಲೆಯಾಡಿಸಿ, ಸಿಕ್ಕಿದ ಜಾತಿಗಳನ್ನು ಬರೆದಿಟ್ಟು, ಪ್ರಾಣಿಗಳನ್ನು ನೀರಿಗೆ ಮರಳಿಸತಕ್ಕದ್ದು. ಶಾಲೆಯ ಮಕ್ಕಳೂ ಇದನ್ನು ಮಾಡಬಲ್ಲರು. ಎರಡು ಮೂರು ವರ್ಷಗಳ ಲೆಕ್ಕವಿದ್ದರೆ ಕೇಡು ಯಾವ ಮಗ್ಗುಲಿನಿಂದ ಬರುತ್ತಿದೆಯೆಂಬುದು ತಾನಾಗಿ ತೋರುವುದು. ಕೆಂಪು ಹುಳಗಳೇ ತುಂಬಿದ ಮದಗದ ಹೂಳನ್ನು ತೆಗೆದು, ಅದಕ್ಕೆ ಬೀಳುವ ಚರಂಡಿಯನ್ನು ಹಾಗೆಯೇ ಬಿಟ್ಟರೆ, ವ್ಯಯಿಸಿದ ಹಣವು ಮುಂದಿನ ಮಳೆಗಾಲಗಳಲ್ಲಿ ಮತ್ತೆ ಕೆಸರಾಗುವುದು.