ಮೊದಲ ಹತ್ತು ಸೆಕೆಂಡಿನ ಬೆಲೆ

ಇಪ್ಪತ್ನಾಲ್ಕು ಗಂಟೆ ಓಡಬೇಕಾದ ಕಾರಿಗೆ ಹೊರಡುವಾಗಲೇ ಅಷ್ಟು ಅವಸರ ಯಾಕೆ? ಬರೀ ಲೆಕ್ಕ ನೋಡಿದರೆ ಆ ಅವಸರಕ್ಕೆ ಬೆಲೆಯಿಲ್ಲ. ಹೊರಡುವಾಗ ಗಳಿಸಿದ ಐದಾರು ಸೆಕೆಂಡು, ಚಕ್ರ ಬದಲಿಸುವಾಗ ಒಂದು ನಟ್ಟು ಹಟ ಹಿಡಿದರೆ ಮುಗಿಯಿತು. ಆದರೂ ಫ್ರಾನ್ಸಿನ ಲೆ ಮಾನ್ ಓಟದಲ್ಲಿ ದಶಕಗಳ ಕಾಲ ಜನ ಕಾಯುತ್ತಿದ್ದದ್ದು ಆರಂಭಕ್ಕೇ. ಕಾರುಗಳು ಪಿಟ್ ಮುಂದೆ ಓರೆಯಾಗಿ ನಿಂತಿರುತ್ತಿದ್ದವು, ಚಾಲಕರು ರಸ್ತೆಯ ಆಚೆ ಬದಿಯಲ್ಲಿ. ಬಾವುಟ ಬೀಸಿದೊಡನೆ ಓಡಿ ಬಂದು, ಒಳಗೆ ಹಾರಿ ಕೂತು, ಎಂಜಿನ್ ಚಾಲೂ ಮಾಡಿ ಹೊರಡಬೇಕು. ಬ್ರಿಟನ್ನಿನ ಸ್ಟರ್ಲಿಂಗ್ ಮಾಸ್ ಇದರಲ್ಲಿ ಎತ್ತಿದ ಕೈ.

ಸೀಟ್ ಬೆಲ್ಟ್ ಬಂದ ಮೇಲೆ ಈ ಸೊಗಸಿನ ಇನ್ನೊಂದು ಮುಖ ಕಂಡಿತು. ಬೆಲ್ಟ್ ಬಿಗಿದುಕೊಳ್ಳಲು ಹಿಡಿಯುವ ಹೊತ್ತನ್ನು ಉಳಿಸಲು ಕೆಲವರು ಹಾಗೆಯೇ ಹೊರಟುಬಿಡುತ್ತಿದ್ದರು. 1969ರಲ್ಲಿ ಬೆಲ್ಜಿಯಂನ ಜಾಕಿ ಇಕ್ಸ್ ಓಡಲೇ ಇಲ್ಲ. ಎಲ್ಲರೂ ಓಡುತ್ತಿರುವಾಗ ತಾನು ನಡೆದುಕೊಂಡು ಹೋಗಿ, ಬೆಲ್ಟ್ ಸರಿಯಾಗಿ ಕಟ್ಟಿಕೊಂಡು, ಕೊನೆಯವನಾಗಿ ಹೊರಟ. ಅದೇ ಮೊದಲ ಸುತ್ತಿನಲ್ಲಿ ಜಾನ್ ವೂಲ್ಫ್ ಎಂಬ ಚಾಲಕ ಅಪಘಾತದಲ್ಲಿ ಸತ್ತ. ಆತ ಬೆಲ್ಟ್ ಕಟ್ಟಿರಲಿಲ್ಲ. ಮರುದಿನ ಗೆದ್ದದ್ದು ಇಕ್ಸ್ ಮತ್ತು ಜಾಕಿ ಆಲಿವರ್ ಅವರ ಫೋರ್ಡ್. ಎರಡನೆಯ ಸ್ಥಾನದ ಪೋರ್ಷೆಗಿಂತ ಸುಮಾರು 120 ಮೀಟರ್ ಮುಂದೆ.

ತಾಳಿದವನು ಬಾಳಿಯಾನು ಎಂದು ಇಲ್ಲೇ ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ 120 ಮೀಟರ್ ಸುಮ್ಮನಿರಲು ಬಿಡುವುದಿಲ್ಲ. ಅಂತರ ತಿರುವುಮುರುವಾಗಿದ್ದರೆ ನಡಿಗೆಯಿಂದಲೇ ಸೋತ ಎಂದು ಎಲ್ಲರೂ ಇಕ್ಸ್‌ನನ್ನು ಆಡಿಕೊಳ್ಳುತ್ತಿದ್ದರು. ಆ ಮಾತೂ ತಪ್ಪೇ ಆಗುತ್ತಿತ್ತು. ಸೋತ ಪೋರ್ಷೆ ಚಕ್ರದ ಬೇರಿಂಗ್ ಬದಲಿಸಲು ಅರ್ಧ ಗಂಟೆಯಷ್ಟು ಕಳೆದುಕೊಂಡಿತ್ತು. ಅದಕ್ಕೂ ಮುಂದೆ, ಬಹಳ ಹೊತ್ತು ಮೊದಲ ಸ್ಥಾನದಲ್ಲಿದ್ದ ಇನ್ನೊಂದು ಪೋರ್ಷೆ ಮುಗಿಯಲು ಕೆಲವೇ ಗಂಟೆ ಇರುವಾಗ ಕೆಟ್ಟು ನಿಂತಿತು. ಇಷ್ಟೆಲ್ಲ ಸೇರಿ ಆದ ಅಂತರವನ್ನು ಆರಂಭದ ತಲೆಗೆ ಕಟ್ಟುವುದು ನಮ್ಮ ಕಣ್ಣಿನ ದೋಷ: ಮೊದಲನೆಯದೂ ಕೊನೆಯದೂ ಕಾಣುತ್ತವೆ, ರಾತ್ರಿ ಮೂರು ಗಂಟೆಯದು ಕಾಣುವುದಿಲ್ಲ.

1966ರದ್ದು ಇನ್ನೂ ತಮಾಷೆ. ಫೋರ್ಡ್ ಕಾರುಗಳು ಫೋಟೋಗೆ ಚೆಂದವಿರಲೆಂದು ಒಟ್ಟಿಗೆ ಗೆರೆ ದಾಟಿದವು. ಗೆಲುವು ಸಿಕ್ಕಿದ್ದು ಮೆಕ್ಲಾರೆನ್ ಮತ್ತು ಏಮನ್ ಅವರಿಗೆ. ಅವರ ಕಾರು ಹೊರಟದ್ದು ಜೊತೆಗೆ ಗೆರೆ ದಾಟಿದ ಇನ್ನೊಂದು ಫೋರ್ಡಿನ, ಅಂದರೆ ಚಾಲಕ ಕೆನ್ ಮೈಲ್ಸ್ ಕಾರಿಗಿಂತ ಹಿಂದಿನ ಜಾಗದಿಂದ, ಹಾಗಾಗಿ ಅಷ್ಟೇ ಹೊತ್ತಿನಲ್ಲಿ ಅದು ಕೆಲವು ಮೀಟರ್ ಹೆಚ್ಚು ಓಡಿದಂತಾಯಿತು. ಹಿಂದೆ ನಿಂತದ್ದೇ ಲಾಭ!

ಹಾಗಾದರೆ ಬಿರುಸಿನ ಆರಂಭ ಬರೀ ಶೋಕಿಯೇ? ಅಲ್ಲ ಎನ್ನುವುದಕ್ಕೆ 1959ರ ಓಟವಿದೆ. ಆಸ್ಟನ್ ಮಾರ್ಟಿನ್ ತಂಡದ ಮಾಸ್ ಮೊದಲಿನಿಂದಲೇ ಕಾರನ್ನು ಕೊಂದುಕೊಳ್ಳುವಂತೆ ಓಡಿಸಿದ. ಬೆನ್ನಟ್ಟಿದ ಫೆರಾರಿಗಳು ಒಂದೊಂದಾಗಿ ಕೆಟ್ಟವು, ಮಾಸ್ ಕಾರೂ ಕೆಟ್ಟಿತು. ತಮ್ಮ ಪಾಡಿಗೆ ಓಡುತ್ತಿದ್ದ ಅದೇ ತಂಡದ ಸಾಲ್ವಡೋರಿ ಮತ್ತು ಶೆಲ್ಬಿ ಗೆದ್ದರು. ಬಿರುಸಿನ ಆರಂಭಕ್ಕೆ ಬೆಲೆಯಿರುವುದು ಗಡಿಯಾರದಲ್ಲಲ್ಲ, ಎದುರಾಳಿಯ ತಲೆಯಲ್ಲಿ ಎಂಬುದು ನನ್ನ ವಾದ. ಅವನು ಬೆನ್ನು ಹತ್ತಿದರಷ್ಟೇ ಅದು ಫಲಿಸುತ್ತದೆ. ಫಲ ಉಣ್ಣುವವನು ಸಾಮಾನ್ಯವಾಗಿ ಇನ್ನೊಬ್ಬ. ಒಂದೇ ಕಾರಿರುವ ಬಡ ತಂಡಕ್ಕೆ ಈ ಆಟ ಎಟುಕದು.

ಈಗ ಓಡಿ ಹತ್ತುವುದಿಲ್ಲ. 1971ರಿಂದ ಕಾರುಗಳು ಸಾಲಾಗಿ ಚಲಿಸುತ್ತಲೇ ಓಟ ಆರಂಭಿಸುತ್ತವೆ. ಕಾರುಗಳು ಮೊದಲಿನಷ್ಟು ಕೆಡುವುದೂ ಇಲ್ಲ, ಹಾಗಾಗಿ ಪ್ರತಿ ಸೆಕೆಂಡೂ ಮುಖ್ಯ ಎನ್ನುವವರಿದ್ದಾರೆ. 2011ರಲ್ಲಿ ಆಡಿ ಪೂಜೋವನ್ನು ಸೋಲಿಸಿದ್ದು 13.854 ಸೆಕೆಂಡಿನಿಂದ ಎಂದು ಅವರು ತೋರಿಸಬಹುದು. ಒಪ್ಪೋಣ. ಆದರೆ ಅದೇ ಓಟದ ಮೊದಲ ಗಂಟೆಯಲ್ಲೇ ಆಡಿಯ ಅಲನ್ ಮೆಕ್ನಿಶ್ ತನ್ನದೇ ತಂಡದ ಕಾರನ್ನು ಹಿಂದಿಕ್ಕುವ ಭರದಲ್ಲಿ ನಿಧಾನದ ಫೆರಾರಿಯೊಂದಕ್ಕೆ ತಗುಲಿ ಕಾರನ್ನು ಪುಡಿಮಾಡಿಕೊಂಡ. ರಾತ್ರಿ ಇನ್ನೊಂದು ಆಡಿಯೂ ಅಪಘಾತದಲ್ಲಿ ಹೋಯಿತು. ಆ 13 ಚಿಲ್ಲರೆ ಸೆಕೆಂಡನ್ನು ಕಾಪಾಡಿಕೊಳ್ಳಲು ಆಮೇಲೆ ಉಳಿದದ್ದು ಒಂದೇ ಕಾರು.