ಹಳೇ ಕಾರಿನ ರಬ್ಬರ್ ಪೈಪೂ ನಮ್ಮ ಒತ್ತಡದ ಪಾಠವೂ



ವಾಯುಮಂಡಲದ ಒತ್ತಡದ ಪಾಠ ಅಂದ ಕೂಡಲೇ ಮ್ಯಾಗ್ಡೆಬರ್ಗ್ ಅರ್ಧಗೋಳಗಳ ಚಿತ್ರ ನಿಮ್ಮ ಕಣ್ಣ ಮುಂದೆ ಬರಬಹುದು. 1650ರ ದಶಕದಲ್ಲಿ ಜರ್ಮನಿಯ ಒಟ್ಟೊ ಫಾನ್ ಗೆರಿಕೆ ಎರಡು ಲೋಹದ ಬಟ್ಟಲುಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದ ಕಥೆ. ಕಥೆ ಚೆನ್ನಾಗಿದೆ, ಪರೀಕ್ಷೆಗೂ ಬರುತ್ತೆ. ಆದರೆ ಅದೇ ಪ್ರಯೋಗ ನಿಮ್ಮ ಊರಿನ ಯಾವುದಾದರೂ ಹಳೇ ಪೆಟ್ರೋಲ್ ಕಾರಿನ ಬಾನೆಟ್ ಕೆಳಗೆ ದಿನಾ ನಡೀತಾ ಇದೆ. ಪೆನ್ಸಿಲ್ ದಪ್ಪದ ಕಪ್ಪು ರಬ್ಬರ್ ಪೈಪುಗಳು ಅಲ್ಲಿ ಓಡಾಡಿರುತ್ತವೆ. ಮೆಕ್ಯಾನಿಕ್‌ಗಳು ಅವಕ್ಕೆ ವ್ಯಾಕ್ಯೂಮ್ ಪೈಪ್ ಅಂತಾರೆ. ಈ ಪೈಪುಗಳ ಬಗ್ಗೆ ನಮ್ಮ ತರಗತಿಯಲ್ಲಿ ಒಂದು ಪೀರಿಯಡ್ಡಾದರೂ ಮಾತಾಡಬೇಕು, ಮನೆಯಲ್ಲಿ ಹಳೇ ಕಾರಿದ್ದರೆ ಅವನ್ನು ಟೇಪು ಸುತ್ತಿ ಮುಂದೂಡದೆ ಪೂರ್ತಿ ಬದಲಾಯಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಮೊದಲು ಈ ವ್ಯಾಕ್ಯೂಮ್ ಎಲ್ಲಿಂದ ಬರುತ್ತೆ ನೋಡೋಣ. ಪೆಟ್ರೋಲ್ ಎಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ತಟ್ಟೆಯಂಥ ಬಾಗಿಲಿದೆ, ಅದೇ ಥ್ರಾಟಲ್. ಆಕ್ಸಿಲರೇಟರ್ ತುಳಿಯದೇ ಇದ್ದಾಗ ಅದು ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್‌ಗಳು ಕೆಳಗಿಳಿದು ಜಾಗ ದೊಡ್ಡದು ಮಾಡುತ್ತಲೇ ಇರುತ್ತವೆ, ಆದರೆ ಆ ಜಾಗ ತುಂಬುವಷ್ಟು ಗಾಳಿ ಒಳಗೆ ಬರೋದಿಲ್ಲ. ಹಾಗಾಗಿ ಬಾಗಿಲಿಗೂ ಪಿಸ್ಟನ್ನಿಗೂ ನಡುವಿನ ಕೊಳವೆಯಲ್ಲಿ ಒತ್ತಡ ಇಳಿಯುತ್ತೆ. ಸಮುದ್ರ ಮಟ್ಟದಲ್ಲಿ ಹೊರಗೆ 760 ಮಿ.ಮೀ. ಪಾದರಸದಷ್ಟು ಒತ್ತಡ ಇದ್ದರೆ, ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಒಳಗೆ ಸುಮಾರು 280 ಮಿ.ಮೀ. ಮಾತ್ರ. ಪುಸ್ತಕದ ‘ನಿರ್ವಾತ’ ಅಂದರೆ ಏನೂ ಇಲ್ಲದ ಜಾಗ. ಇಲ್ಲಿರೋದು ಅರ್ಧಂಬರ್ಧ ನಿರ್ವಾತ. ಆದರೂ ಕೆಲಸಕ್ಕೆ ಅದು ಧಾರಾಳವಾಗಿ ಸಾಕು.

‘ವ್ಯಾಕ್ಯೂಮ್ ಎಳೀತದೆ ಸಾರ್’ ಅಂತ ನೀವು ಹೇಳುತ್ತೀರಿ. ಮೆಕ್ಯಾನಿಕ್ಕೂ ಹಾಗೇ ಹೇಳುತ್ತಾರೆ. ಮಾತಿಗೆ ತಪ್ಪಿಲ್ಲ, ಆದರೆ ಖಾಲಿ ಜಾಗಕ್ಕೆ ಕೈ ಇಲ್ಲ. ತಳ್ಳುವುದು ಹೊರಗಿನ ಗಾಳಿ. ಸೂಜಿಯಿಲ್ಲದ ಸಿರಿಂಜಿನ ಬಾಯಿಯನ್ನು ಬೆರಳಿಂದ ಮುಚ್ಚಿ ಹಿಡಿಕೆ ಎಳೆದು ಬಿಡಿ, ಅದು ತಾನಾಗಿ ಹಿಂದಕ್ಕೆ ಹೋಗುತ್ತೆ. ಅದನ್ನು ತಳ್ಳಿದ್ದು ನಿಮ್ಮ ಕೋಣೆಯ ಗಾಳಿ.

ಇದು ಬರೀ ಮಾತಿನ ವ್ಯತ್ಯಾಸ ಅಂದುಕೊಳ್ಳಬೇಡಿ, ಬ್ರೇಕಿನ ಲೆಕ್ಕ ಇದರ ಮೇಲೇ ನಿಂತಿದೆ. ಬ್ರೇಕ್ ಪೆಡಲ್ಲಿನ ಹಿಂದೆ ತಟ್ಟೆ ಮುಚ್ಚಿದ ಬಾಣಲೆಯಂಥ ಒಂದು ಡಬ್ಬ ಇರುತ್ತೆ, ಅದಕ್ಕೆ ಬೂಸ್ಟರ್ ಅಂತ ಹೆಸರು. ಒಳಗೆ ಒಂದು ರಬ್ಬರ್ ಪರದೆ. ಪರದೆಯ ಮುಂದುಗಡೆಯ ಗಾಳಿಯನ್ನು ಒಂದು ದಪ್ಪ ಪೈಪಿನ ಮೂಲಕ ಎಂಜಿನ್ ತೆಗೆದುಬಿಟ್ಟಿರುತ್ತೆ. ನೀವು ಪೆಡಲ್ ತುಳಿದಾಗ ಹಿಂದುಗಡೆ ಹೊರಗಿನ ಗಾಳಿಗೆ ದಾರಿ ತೆರೆಯುತ್ತೆ, ಆ ಗಾಳಿ ಪರದೆಯನ್ನು ತಳ್ಳುತ್ತೆ. ಪರದೆಯ ವ್ಯಾಸ 20 ಸೆಂ.ಮೀ. ಅಂತ ಇಟ್ಟುಕೊಂಡರೆ ವಿಸ್ತೀರ್ಣ 314 ಚದರ ಸೆಂ.ಮೀ. ಒತ್ತಡದ ವ್ಯತ್ಯಾಸ 480 ಮಿ.ಮೀ. ಪಾದರಸ, ಅಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 0.65 ಕೆ.ಜಿ. ಭಾರ. ಗುಣಿಸಿ ನೋಡಿ, 200 ಕೆ.ಜಿ. ದಾಟುತ್ತೆ. ನಾಲ್ಕು ಮೂಟೆ ಸಿಮೆಂಟಿನ ಭಾರದಷ್ಟು ಬಲ ನಿಮ್ಮಪ್ಪನ ಕಾಲಿಗೆ ಸಹಾಯಕ್ಕೆ ನಿಂತಿದೆ!

ಈಗ ಇದೇ ಕಾರನ್ನು ಕಾಸರಗೋಡಿನಿಂದ ಊಟಿಗೆ ಒಯ್ಯಿರಿ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ಅಲ್ಲಿ ಹೊರಗಿನ ಒತ್ತಡವೇ ಹೆಚ್ಚುಕಮ್ಮಿ 580 ಮಿ.ಮೀ. ಒಳಗೆ ಅದೇ 280 ಅಂತ ಹಿಡಿದರೆ ವ್ಯತ್ಯಾಸ 300. ಬೂಸ್ಟರಿನ ಬಲ 128 ಕೆ.ಜಿ.ಗೆ ಇಳಿಯಿತು. ವ್ಯಾಕ್ಯೂಮ್ ‘ಎಳೆಯುವುದು’ ಅಂತಲೇ ನಂಬಿದವರಿಗೆ ಈ ಇಳಿತ ಯಾಕೆ ಅಂತ ಗೊತ್ತಾಗೋದಿಲ್ಲ. ತಳ್ಳುವ ಗಾಳಿಯೇ ಅಲ್ಲಿ ತೆಳು ಅಂತ ತಿಳಿದವರಿಗೆ ಥಟ್ಟನೆ ಗೊತ್ತಾಗುತ್ತೆ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿನಲ್ಲಿ 36 ತಿರುವು, ದಿಂಬಂನಿಂದ ಬಣ್ಣಾರಿಗೆ ಇಳಿಯುವಾಗ 27. ತಾಳವಾಡಿ ಕಡೆಯ ಮಕ್ಕಳು ಸತ್ಯಮಂಗಲಕ್ಕೆ ಹೋಗಬೇಕಾದರೆ ಈ 27ನ್ನೂ ಎಣಿಸಿಕೊಂಡೇ ಹೋಗಬೇಕು. ಬಿರುಕು ಬಿಟ್ಟ ಬೂಸ್ಟರ್ ಪೈಪು ಇಟ್ಟುಕೊಂಡು ಇಳಿಯುವ ಜಾಗವಲ್ಲ ಅದು.

ಪೈಪು ಒಡೆದರೆ ಬ್ರೇಕ್ ಪೂರ್ತಿ ಹೋಗುತ್ತಾ? ಇಲ್ಲ. ಪೆಡಲ್ ಕಲ್ಲಿನ ಥರ ಗಟ್ಟಿಯಾಗುತ್ತೆ, ಎರಡೂ ಕಾಲಿನ ಬಲ ಹಾಕಿ ತುಳಿಯಬೇಕು. ಗಾಬರಿಯಲ್ಲಿ ಬ್ರೇಕೇ ಇಲ್ಲ ಅಂದುಕೊಂಡು ಕಾಲು ತೆಗೆಯುವವರೂ ಇದ್ದಾರೆ. ಇನ್ನೊಂದು ವಿಷಯ, ಇದನ್ನು ಸ್ವಲ್ಪ ಕೋಪದಿಂದಲೇ ಬರೀತಾ ಇದ್ದೀನಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸೋದಕ್ಕೆ ನ್ಯೂಟ್ರಲ್ ಹಾಕಿ ಎಂಜಿನ್ ಆಫ್ ಮಾಡುವ ಅಭ್ಯಾಸ ಕೆಲವರಿಗಿದೆ. ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿದಿರುವುದು ಎರಡು ಮೂರು ತುಳಿತಕ್ಕಾಗುವಷ್ಟು ಮಾತ್ರ. ಆಮೇಲೆ ಹೊಸ ಪೈಪಿದ್ದರೂ ಒಂದೇ, ಒಡೆದ ಪೈಪಿದ್ದರೂ ಒಂದೇ. ಮನೆಯಲ್ಲಿ ಯಾರಾದರೂ ಹೀಗೆ ಮಾಡಿದರೆ ಮೇಲಿನ ಲೆಕ್ಕ ತೋರಿಸಿ. ದೊಡ್ಡವರಿಗೆ ಹೇಳೋದು ಹೇಗೆ ಅಂತ ಹಿಂಜರಿಯಬೇಡಿ, ನಮ್ಮ ಸಾರ್ ಹೇಳಿದ್ರು ಅಂತಲೇ ಹೇಳಿ.

ಬೂಸ್ಟರ್ ಪೈಪು ಒಂದು ಕಡೆಯಾದರೆ, ಸಣ್ಣ ಪೈಪುಗಳ ಗೋಳು ಬೇರೆ. ಕಾರ್ಬ್ಯುರೇಟರ್ ಕಾಲದ ಕಾರಿನಲ್ಲಿ ಒಂದು ಸಣ್ಣ ಪೈಪು ಡಿಸ್ಟ್ರಿಬ್ಯೂಟರ್‌ಗೆ ಹೋಗಿ ಕಿಡಿ ಹಾರುವ ಸಮಯವನ್ನು ಹಿಂದೆ ಮುಂದೆ ಮಾಡುತ್ತೆ. ಅದು ಒಡೆದರೆ ಮೈಲೇಜ್ ಇಳಿಯುತ್ತೆ. ಯಾವ ಪೈಪು ಒಡೆದರೂ ಬಿರುಕಿನಿಂದ ಕಳ್ಳಗಾಳಿ ಒಳಗೆ ನುಗ್ಗುತ್ತೆ. ಈ ಗಾಳಿ ಕಾರ್ಬ್ಯುರೇಟರ್ ದಾಟಿ ಬಂದಿಲ್ಲ, ಇದರ ಜೊತೆ ಪೆಟ್ರೋಲ್ ಇಲ್ಲ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಜಾಸ್ತಿಯಾದರೆ ಮಿಶ್ರಣ ತೆಳುವಾಗಿ ಎಂಜಿನ್ ನಡುಗುತ್ತೆ, ಸಿಗ್ನಲ್ಲಿನಲ್ಲಿ ಆಫ್ ಆಗುತ್ತೆ. ವೇಗದಲ್ಲಿ ಹೋಗುವಾಗ ಒಳಗೆ ಹೋಗುವ ಒಟ್ಟು ಗಾಳಿಯೇ ಹೆಚ್ಚು, ಬಿರುಕಿನ ಪಾಲು ಅದರಲ್ಲಿ ಅತ್ಯಲ್ಪ, ಹಾಗಾಗಿ ತೊಂದರೆ ಕಾಣೋದಿಲ್ಲ. ‘ರೋಡಲ್ಲಿ ಚೆನ್ನಾಗಿ ಹೋಗತ್ತೆ, ನಿಂತ್ರೆ ಮಾತ್ರ ಕಷ್ಟ’ ಅನ್ನೋ ದೂರು ಹುಟ್ಟುವುದೇ ಹೀಗೆ. ಇದಕ್ಕೆ ಐಡ್ಲಿಂಗ್ ಸ್ಕ್ರೂ ಎರಡು ಸುತ್ತು ತಿರುಗಿಸಿ ಕಳಿಸೋದು ಅತ್ಯಂತ ಕೆಟ್ಟ ರಿಪೇರಿ. ಜ್ವರಕ್ಕೆ ಥರ್ಮಾಮೀಟರ್ ಬದಲಾಯಿಸಿದ ಹಾಗೆ.

ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಹಾಕಿದರೆ ಗುಳ್ಳೆ ಬರುತ್ತೆ. ವ್ಯಾಕ್ಯೂಮ್ ಪೈಪಿನ ಬಿರುಕಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುತ್ತಾ? ಯೋಚಿಸಿ, ನಾಳೆ ತರಗತಿಯಲ್ಲಿ ಜಗಳ ಮಾಡಿ. ಉತ್ತರ ನಾನು ಬರೆಯೋದಿಲ್ಲ.

ಇನ್ನು ರಬ್ಬರ್ ಯಾಕೆ ಒಡೆಯುತ್ತೆ? 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವ ವಿಧಾನ ಕಂಡುಕೊಂಡರು. ಗಂಧಕ ಉದ್ದುದ್ದ ಅಣುಸರಪಳಿಗಳ ನಡುವೆ ಸೇತುವೆ ಕಟ್ಟುತ್ತೆ, ರಬ್ಬರ್ ಬಲವಾಗುತ್ತೆ. ಬಾನೆಟ್ ಕೆಳಗಿನ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದಾಗ ಸೇತುವೆಗಳು ಇನ್ನೂ ಹೆಚ್ಚಾಗಿ, ಮೃದುವಾಗಿಡುವ ಎಣ್ಣೆಯಂಶ ಆರಿಹೋಗಿ, ಪೈಪು ಒಣಗಿದ ಕಡ್ಡಿಯಾಗುತ್ತೆ. ಗಾಳಿಯಲ್ಲಿರುವ ಅಷ್ಟಿಷ್ಟು ಓಜೋನ್ ಕೂಡ ಅಣುಗಳ ದ್ವಿಬಂಧಗಳನ್ನು ಕಡಿಯುತ್ತೆ, ಅದೂ ರಬ್ಬರ್ ಹಿಗ್ಗಿರುವ ಕಡೆಯೇ ಹೆಚ್ಚು. ಪೈಪಿನ ತುದಿ ನಿಪ್ಪಲ್ ಮೇಲೆ ಹಿಗ್ಗಿ ಕೂತಿರುತ್ತಲ್ಲ, ಬಿರುಕು ಮೊದಲು ಅಲ್ಲೇ. ಬೇಕಿದ್ದರೆ ಒಂದು ರಬ್ಬರ್ ಬ್ಯಾಂಡನ್ನು ಎರಡು ಮೊಳೆಗೆ ಎಳೆದು ಕಟ್ಟಿ ತಾರಸಿ ಮೇಲೆ ಬಿಡಿ, ಇನ್ನೊಂದನ್ನು ಎಳೆಯದೆ ಮುಚ್ಚಿದ ಡಬ್ಬಿಯಲ್ಲಿಡಿ. ಕೆಲವು ವಾರ ಬಿಟ್ಟು ಲೆನ್ಸ್ ಹಿಡಿದು ನೋಡಿ.

ರಿಪೇರಿಯ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು. ಒಂದು ಪೈಪು ಒಡೆದಿದೆ ಅಂದರೆ ಉಳಿದವಕ್ಕೂ ಅಷ್ಟೇ ವಯಸ್ಸು. ಒಡೆದ ತುದಿಯನ್ನು ಒಂದು ಸೆಂ.ಮೀ. ಕತ್ತರಿಸಿ ಮತ್ತೆ ಸಿಕ್ಕಿಸೋದು ಘಾಟಿನ ಮಧ್ಯೆ ಸಿಕ್ಕಿಕೊಂಡಾಗ ಸರಿ, ಮನೆಗೆ ಬಂದ ಮೇಲೆ ಸರಿಯಲ್ಲ. ಟೇಪಿನ ಅಂಟು ಬಿಸಿಗೆ ಜಾರುತ್ತೆ. ಮುರಿದ ಟೀ ಜಾಯಿಂಟಿನ ಜಾಗದಲ್ಲಿ ತೋಟದ ಡ್ರಿಪ್ಪಿನ ಟೀ ಹಾಕುವ ಜಾಣತನ ನನಗೂ ಮೆಚ್ಚುಗೆಯೇ. ಆದರೆ ಪಾಲಿಥೀನ್ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವ ವಸ್ತು, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತೆ. ಎಂಜಿನ್ನಿನ ನೀರೇ 90 ಡಿಗ್ರಿ ಹತ್ತಿರ ಇರುತ್ತೆ. ಗ್ಯಾಸ್ ಒಲೆಯ ಟ್ಯೂಬು, ಅಕ್ವೇರಿಯಂ ಟ್ಯೂಬು ಕೂಡ ಬೇಡ. ಅವು ಒಳಗಿನಿಂದ ಹೊರಕ್ಕೆ ಒತ್ತಡ ಬೀಳುವ ಕೆಲಸಕ್ಕೆ ಮಾಡಿದವು. ಇಲ್ಲಿ ಒತ್ತಡ ಹೊರಗಿನಿಂದ. ಗಟ್ಟಿ ಜ್ಯೂಸ್ ಹೀರುವಾಗ ಸ್ಟ್ರಾ ಚಪ್ಪಟೆಯಾಗಿದ್ದನ್ನು ನೆನಪಿಸಿಕೊಳ್ಳಿ. ಬೂಸ್ಟರಿಗಂತೂ ಅದಕ್ಕೆಂದೇ ಮಾಡಿದ ಪೈಪೇ ಆಗಬೇಕು, ಅದನ್ನು ಹಾಕುವುದು ಮೆಕ್ಯಾನಿಕ್ಕಿನ ಕೆಲಸ.

ಸಣ್ಣ ಪೈಪುಗಳನ್ನು ಬದಲಾಯಿಸುವಾಗ ನೀವು ದೊಡ್ಡವರ ಜೊತೆ ನಿಂತು ನೋಡಬಹುದು, ಕೈಯೂ ಹಾಕಬಹುದು. ಎಂಜಿನ್ ಆಫ್ ಆಗಿ ತಣ್ಣಗಾಗಿರಬೇಕು. ‘ಓದೋ ಮಕ್ಕಳಿಗೆ ಗ್ಯಾರೇಜ್ ಯಾಕೆ’ ಅನ್ನುವ ಪೋಷಕರಿಗೆ ನಾನು ಹೇಳೋದು ಇಷ್ಟೇ: ನೋಟ್ ಪುಸ್ತಕ ತಂದು ಯಾವ ಪೈಪು ಎಲ್ಲಿಂದ ಎಲ್ಲಿಗೆ ಅಂತ ಚಿತ್ರ ಬರೆಯುವ ಕೆಲಸ ನಿಮ್ಮ ಮಗಳು ಯಾವ ಮೆಕ್ಯಾನಿಕ್ಕಿಗಿಂತಲೂ ಅಚ್ಚುಕಟ್ಟಾಗಿ ಮಾಡ್ತಾಳೆ. ಚಿತ್ರ ಇಲ್ಲದೆ ಎಲ್ಲ ಪೈಪು ಒಟ್ಟಿಗೆ ಬಿಚ್ಚಿದರೆ ಅಲ್ಲಿಗೆ ಕಥೆ ಮುಗೀತು. ಒಂದು ಬಿಚ್ಚಿ, ಒಂದು ಹಾಕಿ, ಆಮೇಲೆ ಮುಂದಿನದು. ಗಟ್ಟಿಯಾದ ಪೈಪನ್ನು ಜಗ್ಗಿದರೆ ಪ್ಲಾಸ್ಟಿಕ್ ನಿಪ್ಪಲ್ಲೂ ಜೊತೆಗೇ ಮುರಿದು ಬರುತ್ತೆ, ಯಾಕಂದರೆ ಅದೂ ಅದೇ ಬಿಸಿಯಲ್ಲಿ ಬೆಂದಿದೆ. ಬಿಸಿನೀರಿನ ಬಟ್ಟೆ ಸುತ್ತಿ ಮೆತ್ತಗೆ ತಿರುಗಿಸಬೇಕು, ಜಗ್ಗದಿದ್ದರೆ ದೊಡ್ಡವರು ಬ್ಲೇಡಿನಿಂದ ಪೈಪನ್ನು ಉದ್ದುದ್ದ ಸೀಳಬೇಕು, ನಿಪ್ಪಲ್ಲಿಗೆ ಗೀರು ಬೀಳದ ಹಾಗೆ. ಹಳೇ ಪೈಪು ಎಸೆಯುವ ಮೊದಲು ಒಳಗೆ ಇಣುಕಿ: ಕೆಲವದರಲ್ಲಿ ಸಣ್ಣ ತೂತಿನ ಲೋಹದ ತುಂಡು ಅಡಗಿರುತ್ತೆ, ಅದು ಹೊಸದಕ್ಕೂ ಹೋಗಬೇಕು. ಒನ್‌ ವೇ ವಾಲ್ವ್ ಇದ್ದರೆ ಅದರ ದಿಕ್ಕನ್ನೂ ಬರೆದಿಡಿ.

ಅಳತೆಗೆ ನಮ್ಮ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ಸ್ ಇದೆಯಲ್ಲ, ವರ್ಷಕ್ಕೊಮ್ಮೆ ಗೋಲಿ ಅಳೆದು ಮತ್ತೆ ಪೆಟ್ಟಿಗೆ ಸೇರುತ್ತೆ ಪಾಪ. ಅದನ್ನು ಹಿಡಿದು ನಿಪ್ಪಲ್ಲಿನ ಹೊರವ್ಯಾಸ ಅಳೆಯಿರಿ. ಪೈಪಿನ ಒಳವ್ಯಾಸ ಅದಕ್ಕಿಂತ ತುಸು ಕಮ್ಮಿ ಇರಬೇಕು, ಆಗಲೇ ಬಿಗಿಯಾಗಿ ಕೂರೋದು. ಅಂಗಡಿಯಲ್ಲಿ ತಮಿಳೋ ಮಲಯಾಳವೋ ಮರಾಠಿಯೋ ನಡೆಯಲಿ, ಮಿಲಿಮೀಟರ್ ಎಲ್ಲ ಭಾಷೆಯಲ್ಲೂ ಒಂದೇ. ಕನ್ನಡ ಮಾಧ್ಯಮದವರಿಗೆ ಎಂಜಿನ್ ಅರ್ಥವಾಗೋದಿಲ್ಲ ಅಂತ ಯಾರಾದರೂ ಅಂದರೆ ಆ ಚಿತ್ರದ ಪುಟ ತೆಗೆದು ತೋರಿಸಿ.

ಘಾಟಿಗೆ ಹೊರಡುವ ಮುಂಚೆ ಮನೆ ಮುಂದೆಯೇ ಒಂದು ಪರೀಕ್ಷೆ ಮಾಡಿಸಿ, ಎರಡು ನಿಮಿಷದ ಕೆಲಸ. ಗಾಡಿ ಸಮತಟ್ಟಾದ ಕಡೆ ನಿಂತಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಗೇರ್ ನ್ಯೂಟ್ರಲ್ಲಿನಲ್ಲಿರಲಿ. ಎಂಜಿನ್ ಆಫ್ ಇರುವಾಗ ಡ್ರೈವರ್ ಬ್ರೇಕನ್ನು ಐದಾರು ಸಲ ತುಳಿಯಲಿ, ಪೆಡಲ್ ಗಟ್ಟಿಯಾಗುತ್ತೆ. ಕಾಲು ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಲಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಹೊರಗಿನ ಗಾಳಿ ತನ್ನ ಕೆಲಸ ಮಾಡ್ತಾ ಇದೆ. ಇಳಿಯದೇ ಇದ್ದರೆ ಘಾಟಿನ ಕಡೆ ಬೇಡ, ನಿಧಾನವಾಗಿ ಗ್ಯಾರೇಜಿನ ಕಡೆ ತಿರುಗಿಸೋಕೆ ಹೇಳಿ.